ಮೈಲೇಜೂ ಬೇಕು, ಮಜಾನೂ ಬೇಕು

ಆಳಂದ, ಅಫಜಲಪುರ, ಜೇವರ್ಗಿ ಕಡೆ ಸಣ್ಣ ಕಾರು ತಗೊಳ್ಳೋರು ಮೊದಲು ಕೇಳೋದು ಮೈಲೇಜ್. ಓಡಿಸೋ ಮಜಾ ಬೇಕಂದ್ರ ಅದನ್ನ ಬಿಡಬೇಕು ಅಂತಾರ. ಎರಡನ್ನೂ ಕೂಡಿಸಿದವರು ಅಲೆಕ್ ಇಸಿಗೊನಿಸ್.

1906ರಲ್ಲಿ ಇಂದಿನ ಟರ್ಕಿಯ ಇಜ್ಮಿರ್‌ನಲ್ಲಿ ಹುಟ್ಟಿದರು. ಲಂಡನ್ನಿನಲ್ಲಿ ಇಂಜಿನಿಯರಿಂಗ್ ಓದುವಾಗ ಗಣಿತದಲ್ಲಿ ಮೂರು ಸಲ ಫೇಲು! 1956ರ ಸೂಯೆಜ್ ಬಿಕ್ಕಟ್ಟಿನಿಂದ ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ರೇಷನ್ ಬಂತು. ಕಡಿಮೆ ಕುಡಿಯೋ ಕಾರು ಮಾಡೋ ಕೆಲಸ ಇವರಿಗೆ ಬಿತ್ತು. ಎಂಜಿನ್ ಅಡ್ಡ ಇಟ್ಟರು, ಗೇರ್‌ಬಾಕ್ಸ್ ಅದರ ಕೆಳಗೆ, ಚಕ್ರ ನಾಲ್ಕೂ ಮೂಲೆಗೆ. 1959ರಲ್ಲಿ ಬಂದ ಮಿನಿ ಬರೀ 848 ಸಿಸಿ, ಹತ್ತಡಿ ಉದ್ದ. ಹಗುರ ಮೈ, ತಿರುವಿನಲ್ಲಿ ಗಟ್ಟಿ ಹಿಡಿತ. ಅದರದೇ ಕೂಪರ್ ಮಾದರಿ 1964ರಲ್ಲಿ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದಿತು.

ಇಸಿಗೊನಿಸ್ 1988ರಲ್ಲಿ ತೀರಿಕೊಂಡರು. ನಮ್ಮೂರ ಮಾರುತಿ 800ರ ಬಾನೆಟ್ ಎತ್ತಿ ನೋಡ್ರಿ: ಎಂಜಿನ್ ಅಡ್ಡನೇ ಕೂತದ.