ಎರೆಹೊಲದ ಇಲಿಗಳನ್ನು ಕಂಡ ವಾಲ್ಟರ್ ಎಲಿಯಟ್

ಮಕ್ಕಳೇ, ಅಂಗಳದ ಬೇವಿನ ಮರದಲ್ಲಿ ಅಳಿಲು ಓಡಾಡುವುದನ್ನು ನೀವೆಲ್ಲ ನೋಡಿದ್ದೀರಿ. ಅದರ ಬೆನ್ನಿನ ಮೇಲೆ ಉದ್ದಕ್ಕೆ ಬೆಳ್ಳಗಿನ ಗೆರೆಗಳಿರುತ್ತವೆ. ಒಂದು ದಿನ ಬೆನ್ನಿನ ಮೇಲೆ ಗೆರೆಯೇ ಇಲ್ಲದ, ಚೂಪು ಮೂತಿಯ ಅಳಿಲೊಂದು ಕಂಡರೆ? ಅದು ನಿಜವಾಗಿಯೂ ಅಳಿಲೇ? ಇಂಥ ಪ್ರಶ್ನೆಗಳನ್ನು ಕೇಳುತ್ತಾ, ಸುಮಾರು 200 ವರ್ಷಗಳ ಹಿಂದೆ ನಮ್ಮ ಧಾರವಾಡ ಸೀಮೆಯಲ್ಲಿ ಓಡಾಡಿದ ಒಬ್ಬರ ಕಥೆ ಇಲ್ಲಿದೆ. ಅವರೇ ವಾಲ್ಟರ್ ಎಲಿಯಟ್.

ಕಿತ್ತೂರಿನ ಸೆರೆಯಾಳು

ಎಲಿಯಟ್ ಹುಟ್ಟಿದ್ದು 1803ರ ಜನವರಿ 16ರಂದು, ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ನೌಕರಿ ಹಿಡಿದು ಮದರಾಸಿಗೆ ಬಂದಾಗ ಅವರಿಗಿನ್ನೂ ಇಪ್ಪತ್ತು ವರ್ಷ ತುಂಬಿರಲಿಲ್ಲ. ಸ್ವಲ್ಪ ಕಾಲದಲ್ಲೇ ಧಾರವಾಡದ ಕಲೆಕ್ಟರ್ ಥ್ಯಾಕರೆಯ ಸಹಾಯಕರಾದರು.

1824ರ ಅಕ್ಟೋಬರ್ 23ರಂದು ಏನಾಯಿತೆಂದು ನಿಮಗೆ ಗೊತ್ತಿದೆ. ಕಿತ್ತೂರನ್ನು ಕಸಿದುಕೊಳ್ಳಲು ಹೋದ ಥ್ಯಾಕರೆ, ರಾಣಿ ಚೆನ್ನಮ್ಮನ ಸೈನಿಕರ ಕೈಯಲ್ಲಿ ಹತನಾದ. ಆ ದಿನ ಸೆರೆ ಸಿಕ್ಕ ಇಬ್ಬರು ತರುಣ ಅಧಿಕಾರಿಗಳಲ್ಲಿ ಎಲಿಯಟ್ ಒಬ್ಬರು! ಕಿತ್ತೂರಿನವರು ಅವರ ಜೀವ ತೆಗೆಯಲಿಲ್ಲ. ಡಿಸೆಂಬರ್ ಆರಂಭದಲ್ಲಿ ಬಿಡುಗಡೆ ಮಾಡಿದರು.

ಬಿಡುಗಡೆಯಾದ ಮೇಲೂ ಎಲಿಯಟ್ ಈ ಸೀಮೆಯನ್ನು ಬಿಟ್ಟು ಹೋಗಲಿಲ್ಲ. 1833ರವರೆಗೆ ಇಲ್ಲಿಯೇ ಇದ್ದರು. ಕನ್ನಡ ಕಲಿತರು. ಊರೂರು ತಿರುಗಿ ಹಳೆಯ ಶಾಸನಗಳನ್ನು ನಕಲು ಮಾಡಿಸಿದರು. ಕಲ್ಲಿನ ಮೇಲಿನ ಅಕ್ಷರಗಳಂತೆಯೇ ಹೊಲದ ಬದುವಿನ ಬಿಲಗಳೂ ಅವರ ಕುತೂಹಲ ಕೆರಳಿಸಿದವು.

ಬಿರುಕಿನಲ್ಲಿ ವಾಸ

ಕುಂದಗೋಳ ತಾಲ್ಲೂಕಿನ ಯರಗುಪ್ಪಿಯ ಕಡೆ ಹೋದರೆ ಕಪ್ಪು ಎರೆಮಣ್ಣಿನ ಹೊಲಗಳು ಕಾಣುತ್ತವೆ. ಬೇಸಿಗೆಯಲ್ಲಿ ಈ ಮಣ್ಣು ಒಣಗಿ ಬಾಯಿ ಬಿಡುತ್ತದೆ. ಬಿರುಕಿನೊಳಗೆ ಕೋಲು ಇಳಿಸಿದರೆ ಆಳಕ್ಕೆ ಹೋಗುತ್ತದೆ. ಎರೆಭೂಮಿಯ ಇಂಥ ಬಿರುಕುಗಳಲ್ಲಿ ಒಂದು ಜಾತಿಯ ಇಲಿ ವಾಸಿಸುವುದನ್ನು ಎಲಿಯಟ್ ಗಮನಿಸಿದರು. ಇದು ಆಳವಾದ ಬಿಲ ತೋಡುವುದಿಲ್ಲ. ಪೊದೆಯ ಬುಡ, ಕಲ್ಲುಗುಪ್ಪೆ, ಮಣ್ಣಿನ ಬಿರುಕು, ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಇರುತ್ತದೆ. ಮುಂಗಾರು ಮಳೆ ಬಿದ್ದಾಗ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಆಗ ಒಳಗಿದ್ದ ಇಲಿಗಳು ಸಾಯುತ್ತವೆ. ಹೀಗೆ ಪ್ರತಿವರ್ಷ ಮಳೆಯೇ ಅವುಗಳ ಸಂಖ್ಯೆಗೆ ಕಡಿವಾಣ ಹಾಕುತ್ತಿತ್ತು.

ಆದರೆ 1826ರಲ್ಲಿ ಮುಂಗಾರು ಸರಿಯಾಗಿ ಸುರಿಯಲಿಲ್ಲ. ಇಲಿಗಳು ಸಾಯದೆ ಉಳಿದು ಮಿತಿಮೀರಿ ಹೆಚ್ಚಿದವು. ಬಿತ್ತಿದ ಬೀಜವನ್ನು ತಿಂದವು. ತೆನೆ ಬಲಿಯುವ ಕಾಲಕ್ಕೆ ಜೋಳದ ದಂಟು ಹತ್ತಿ ತೆನೆಯನ್ನೇ ಕತ್ತರಿಸಿ ಕೆಡವಿದವು. ಹೊಲಕ್ಕೆ ಹೊಲವೇ ಬರಿದಾಯಿತು. ರೈತರಿಗೆ ಕಂದಾಯ ಕಟ್ಟಲೂ ಆಗಲಿಲ್ಲ. ರೈತರು ಇಷ್ಟು ಡಜನ್ ಇಲಿಗೆ ಇಷ್ಟು ಕಾಳು ಎಂದು ಕೊಟ್ಟು, ಕೆರೆ ತೋಡುವ ಕಾಯಕದ ವಡ್ಡರಿಂದ ಇಲಿ ಹಿಡಿಸಿದರು. ಸಾವಿರಾರು ಇಲಿ ಹಿಡಿದರೂ ಕಾಟ ಕಡಿಮೆಯಾಗಲಿಲ್ಲ. ಎಲಿಯಟ್ ಕಂದಾಯ ವಸೂಲಿಯ ಆಡಳಿತಕ್ಕೆ ಸೇರಿದವರು. ಆದರೂ ಬೆಳೆ ಹಾಳಾದದ್ದನ್ನು ಕಣ್ಣಾರೆ ಕಂಡು, ಅದರ ಕಾರಣವನ್ನು ಹುಡುಕಿ ಬರೆದಿಟ್ಟರು.

ಗುರುಗಳು ಯಾರು?

ನೆಲ ಅಗೆಯುವ ವಡ್ಡರಿಗೆ ಯಾವ ಬಿಲದಲ್ಲಿ ಯಾವ ಇಲಿ ಇರುತ್ತದೆ ಎಂಬುದು ಚೆನ್ನಾಗಿ ತಿಳಿದಿತ್ತು. ಎಲಿಯಟ್ ಅವರಿಂದ ಕಲಿತರು. ಕೋಕ್ ಎಂಬ ಇಲಿ ಸುಗ್ಗಿಯಲ್ಲಿ ಬಿಲದೊಳಗೆ ಕಾಳು ಕೂಡಿಡುತ್ತದೆ. ಒಂದೊಂದು ಬಿಲದಲ್ಲಿ ಅರ್ಧ ಸೇರಿನಷ್ಟು ಕಾಳು, ಕೆಲವೊಮ್ಮೆ ಇಡೀ ಜೋಳದ ತೆನೆಯೂ ಸಿಗುತ್ತಿತ್ತು! ಮಳೆನೀರು ನುಗ್ಗಿದರೆ ಕೋಕ್ ಮನೆ ಬದಲಿಸುತ್ತದೆ. ಹಳೆಯ ಬಾವಿಯೊಂದರ ಇಳಿಜಾರು ದಡದಲ್ಲಿದ್ದ ಇಂಥ ಹೊಸ ಬಿಲವನ್ನು ಎಲಿಯಟ್ ಅಗೆದು ಪರೀಕ್ಷಿಸಿದರು.

ಕೆಂಪು ಗರಸು ನೆಲದ ಲೆಗ್ಯಾಡ ಎಂಬ ಪುಟ್ಟ ಇಲಿ ಇನ್ನೂ ವಿಚಿತ್ರ. ಒಳಗೆ ಹೋದ ಮೇಲೆ ಬಿಲದ ಬಾಯಿಯನ್ನು ಸಣ್ಣ ಕಲ್ಲುಗಳಿಂದ ಮುಚ್ಚುತ್ತದೆ. ಒಳಗೂ ಕಲ್ಲಿನ ಹಾಸಿಗೆಯ ಮೇಲೆಯೇ ಕೂರುತ್ತದೆ. ಕುರುಚಲು ಕಾಡಿನ ಗುಲಾಂದಿಯಾದರೋ ಮುಳ್ಳುಪೊದೆಯಲ್ಲಿ ಒಣಹುಲ್ಲು ಹೆಣೆದು ದುಂಡನೆಯ ಗೂಡು ಕಟ್ಟುತ್ತದೆ.

ಎಲಿಯಟ್ ಈ ಸೀಮೆಯ ಸಸ್ತನಿಗಳ ಪಟ್ಟಿಯನ್ನು 1839ರಲ್ಲಿ ಮದರಾಸಿನ ವಿಜ್ಞಾನ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಪ್ರಾಣಿಗಳ ಸ್ಥಳೀಯ ಹೆಸರುಗಳನ್ನೂ ಅದರಲ್ಲಿ ಸೇರಿಸಿದರು. ಲಂಡನ್ನಿನ ವಿಜ್ಞಾನಿ ಗ್ರೇ 1837ರಲ್ಲಿಯೇ ಗುಲಾಂದಿಗೆ ಗೊಲುಂಡಾ ಎಲಿಯಟಿ ಎಂಬ ವೈಜ್ಞಾನಿಕ ಹೆಸರು ಕೊಟ್ಟಿದ್ದರು. ನೋಡಿದಿರಾ, ನಮ್ಮ ಕನ್ನಡದ ಗುಲಾಂದಿಯೇ ಗೊಲುಂಡಾ ಆಯಿತು! ಎರೆಹೊಲದ ಬಿರುಕಿನ ಇಲಿಯನ್ನು ವಡ್ಡರು ಮೆಟ್ಟಾಡ ಎನ್ನುತ್ತಿದ್ದರು. ಅದು ಅಕ್ಷರ ತಪ್ಪಿ ಮೆಲ್ಟಾಡ ಎಂದು ಅಚ್ಚಾಯಿತು. ಇಂದಿಗೂ ಅದರ ವೈಜ್ಞಾನಿಕ ಹೆಸರು ಮಿಲಾರ್ಡಿಯಾ ಮೆಲ್ಟಾಡ. ಎಲಿಯಟ್ ಹೆಸರು ಒಂದು ಇಲಿಗೆ ಬಂತು. ಇಲಿಗಳನ್ನು ತೋರಿಸಿಕೊಟ್ಟವರ ಹೆಸರು ಯಾವ ಪ್ರಾಣಿಗೂ ಬರಲಿಲ್ಲ. ಆದರೆ ಅವರ ಮಾತು ಜಗತ್ತಿನ ಎಲ್ಲ ವಿಜ್ಞಾನಿಗಳ ಬಾಯಲ್ಲಿ ಉಳಿಯಿತು.

ಅಳಿಲಲ್ಲದ ಅಳಿಲು

ಈಗ ಮೊದಲಿನ ಪ್ರಶ್ನೆಗೆ ಬರೋಣ. ಗೆರೆಯಿಲ್ಲದ ಆ ಅಳಿಲು ಮರಮೂಗಿಲಿ ಇರಬಹುದು. ಇದು ಭಾರತದಲ್ಲಿ ಮಾತ್ರ ಕಂಡುಬರುವ ಪ್ರಾಣಿ. ಗಾತ್ರ, ಬಾಲ ಎಲ್ಲವೂ ಅಳಿಲಿನಂತೆಯೇ. ಆದರೆ ಮೂತಿ ಉದ್ದ ಮತ್ತು ಚೂಪು. ಭುಜದ ಮೇಲೆ ಒಂದು ತಿಳಿಬಣ್ಣದ ಗೆರೆ. ಹೆಚ್ಚಾಗಿ ನೆಲದ ಮೇಲೆಯೇ ಹುಳು, ಕೀಟ ಹುಡುಕಿ ತಿನ್ನುತ್ತದೆ. ಹಣ್ಣನ್ನೂ ತಿನ್ನುತ್ತದೆ. ಅಳಿಲು ಮತ್ತು ಇಲಿಗಳು ಉಳಿಯಂಥ ಹಲ್ಲಿನ ದಂಶಕಗಳ ಗುಂಪಿನವು. ಮರಮೂಗಿಲಿ ಆ ಗುಂಪಿಗೇ ಸೇರಿಲ್ಲ. ಆಂಧ್ರದ ಕಡಪ ಮತ್ತು ನೆಲ್ಲೂರಿನ ನಡುವಿನ ಬೆಟ್ಟಗಳಲ್ಲಿ ಸಿಕ್ಕ ಈ ಪ್ರಾಣಿಗೂ ಎಲಿಯಟ್ ಹೆಸರನ್ನೇ ಇಡಲಾಯಿತು: ಅನಥಾನ ಎಲಿಯಟಿ. ಅನಥಾನ ಎಂಬುದು ಬಿದಿರಳಿಲು ಎಂಬರ್ಥದ ತಮಿಳು ಹೆಸರಿನಿಂದ ಬಂದದ್ದು.

ಮುಂದೆ ಎಲಿಯಟ್ ಮದರಾಸಿನಲ್ಲಿ ದೊಡ್ಡ ಹುದ್ದೆಗೇರಿದರು. 1845ರಲ್ಲಿ ಅಮರಾವತಿಯ ಬೌದ್ಧ ಸ್ತೂಪದ ಜಾಗದಲ್ಲಿ ಅಗೆತ ಮಾಡಿಸಿದರು. ಚಾರ್ಲ್ಸ್ ಡಾರ್ವಿನ್ ಅವರ ಅಧ್ಯಯನಕ್ಕಾಗಿ ಇಲ್ಲಿನ ಸಾಕುಹಕ್ಕಿಗಳ ಚರ್ಮಗಳನ್ನು ಕಳಿಸಿದರು. ಮುಪ್ಪಿನಲ್ಲಿ ಕಣ್ಣು ಕಾಣದಾದರೂ ಕೆಲಸ ಬಿಡಲಿಲ್ಲ. 1887ರ ಮಾರ್ಚ್ 1ರಂದು ಸ್ಕಾಟ್ಲೆಂಡಿನಲ್ಲಿ ತೀರಿಕೊಂಡರು. ಆ ದಿನವೂ ತಮಿಳಿನ ಬಗ್ಗೆ ಪ್ರಶ್ನೆ ಕೇಳುವ ಒಂದು ಪತ್ರವನ್ನು ಹೇಳಿ ಬರೆಸಿದ್ದರು.

ನೀವೂ ಮಾಡಿ ನೋಡಿ

ನಿಮ್ಮ ಮನೆ, ಶಾಲೆ, ಹೊಲದ ಸುತ್ತ ಕಾಣುವ ಪ್ರಾಣಿಗಳ ಪಟ್ಟಿ ಮಾಡಿ. ಎಲ್ಲಿ ಕಂಡಿತು, ಯಾವ ಹೊತ್ತಿನಲ್ಲಿ, ಏನು ತಿನ್ನುತ್ತಿತ್ತು ಎಂದು ಬರೆಯಿರಿ. ಅಜ್ಜ ಅಜ್ಜಿಯರನ್ನು, ಕುರಿಗಾಹಿಗಳನ್ನು, ಹೊಲದಲ್ಲಿ ದುಡಿಯುವವರನ್ನು ಕೇಳಿ ಅವುಗಳ ಊರಿನ ಹೆಸರನ್ನು ಪಕ್ಕದಲ್ಲಿ ಸೇರಿಸಿ. ಬಿಲಕ್ಕೆ ಮಾತ್ರ ಕೈ ಹಾಕಬೇಡಿ, ಒಳಗೆ ಹಾವಿರಬಹುದು. ಪಟ್ಟಿಯನ್ನು ತರಗತಿಯಲ್ಲಿ ಓದಿ. ನಿಮ್ಮ ಗುರುಗಳಿಗೂ ಗೊತ್ತಿಲ್ಲದ ಹೆಸರೊಂದು ಅದರಲ್ಲಿ ಇದ್ದರೂ ಇರಬಹುದು!