ಅಯಾನುಗಳ ಜಾಡು ಹಿಡಿದ ಜ್ಞಾನಚಂದ್ರ ಘೋಷ್

ಬೆಂಗಳೂರು: ಕೋಣನಕುಂಟೆ ಕ್ರಾಸ್‌ನಲ್ಲಿ ಮೆಟ್ರೊ ಏರಿ ಯಶವಂತಪುರದತ್ತ ಸಾಗುವ ಪ್ರಯಾಣಿಕರ ಮೊಬೈಲ್ ಬ್ಯಾಟರಿಗಳಲ್ಲಿ ವಿದ್ಯುದಾವೇಶ ಹೊತ್ತ ಲೀಥಿಯಂ ಅಯಾನುಗಳು ಸಂಚರಿಸುತ್ತಿರುತ್ತವೆ. ಅಯಾನುಗಳು ವಿದ್ಯುತ್ತನ್ನು ಒಯ್ಯುವ ಬಗೆಯನ್ನು ಶತಮಾನದ ಹಿಂದೆಯೇ ಅರಸಿದ ವಿಜ್ಞಾನಿಯೊಬ್ಬರು ಮುಂದೆ ಯಶವಂತಪುರ ಸಮೀಪದ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಮುನ್ನಡೆಸಿದರು. ಅವರೇ ಸರ್ ಜ್ಞಾನಚಂದ್ರ ಘೋಷ್.

1894ರಲ್ಲಿ ಪುರುಲಿಯಾದಲ್ಲಿ ಜನಿಸಿದ ಘೋಷ್, ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಫುಲ್ಲಚಂದ್ರ ರಾಯ್ ಅವರ ಶಿಷ್ಯರು. ಸತ್ಯೇಂದ್ರನಾಥ ಬೋಸ್ ಹಾಗೂ ಮೇಘನಾದ ಸಹಾ ಅವರ ಸಹಪಾಠಿಗಳು.

ಉಪ್ಪುನೀರಿನ ವಿದ್ಯುತ್ ವಾಹಕತೆ ಅಂದಿನ ರಸಾಯನ ವಿಜ್ಞಾನಿಗಳಿಗೆ ಒಗಟಾಗಿತ್ತು. ಕರಗಿದ ಲವಣದ ಒಂದು ಪಾಲು ಮಾತ್ರ ಅಯಾನುಗಳಾಗಿ ಒಡೆಯುತ್ತದೆ ಎಂಬ ಅರೇನಿಯಸ್ ಸಿದ್ಧಾಂತವು ಅಡುಗೆ ಉಪ್ಪಿನಂತಹ ಲವಣಗಳಿಗೆ ಸರಿಹೊಂದುತ್ತಿರಲಿಲ್ಲ. 1918ರಲ್ಲಿ ಯುವ ಘೋಷ್ ಬೇರೆಯೇ ಉತ್ತರ ಮುಂದಿಟ್ಟರು. ಅವರ ಪ್ರಕಾರ ಇಂತಹ ಲವಣ ಪೂರ್ಣವಾಗಿ ಅಯಾನುಗಳಾಗಿ ಒಡೆಯುತ್ತದೆ. ಆದರೆ ಅವು ಹರಳಿನಲ್ಲಿರುವಂತೆ ಪರಸ್ಪರ ಸೆಳೆತಕ್ಕೆ ಕಟ್ಟುಬಿದ್ದಿರುತ್ತವೆ. ಆ ಸೆಳೆತವನ್ನು ಮೀರುವಷ್ಟು ಶಕ್ತಿಯುಳ್ಳವು ಮಾತ್ರ ವಿದ್ಯುತ್ತನ್ನು ಒಯ್ಯುತ್ತವೆ.

ಯೂರೋಪಿನ ಗಮನ ಸೆಳೆದ ಈ ಸಿದ್ಧಾಂತ ಬಹುಕಾಲ ಬಾಳಲಿಲ್ಲ. 1923ರಲ್ಲಿ ಡಿಬೈ ಮತ್ತು ಹ್ಯೂಕೆಲ್, ದ್ರಾವಣದಲ್ಲಿ ಹರಳಿನಂತಹ ಜೋಡಣೆಯಿಲ್ಲ, ಪ್ರತಿ ಅಯಾನನ್ನೂ ವಿರುದ್ಧ ಆವೇಶದ ಮೋಡ ಸುತ್ತುವರಿದಿರುತ್ತದೆ ಎಂದು ನಿರೂಪಿಸಿದರು. ಘೋಷರ ಚಿತ್ರ ಅಳಿಯಿತು. ಪೂರ್ಣ ವಿಘಟನೆಯ ವಿಚಾರ ಮಾತ್ರ ಉಳಿಯಿತು.

ಘೋಷ್ ಎದೆಗುಂದಲಿಲ್ಲ. 1921ರಿಂದ ಢಾಕಾ ವಿಶ್ವವಿದ್ಯಾಲಯದಲ್ಲಿ ಬೋಧಿಸುತ್ತಿದ್ದ ಅವರು 1939ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಯುದ್ಧದ ಸಂಕಷ್ಟದ ನಡುವೆಯೇ, 1942ರಲ್ಲಿ, ಅಲ್ಲಿ ವೈಮಾನಿಕ ಎಂಜಿನಿಯರಿಂಗ್ ವಿಭಾಗ ಆರಂಭವಾಯಿತು. ಮುಂದೆ ಖರಗಪುರ ಐಐಟಿಯ ಮೊದಲ ನಿರ್ದೇಶಕರಾಗಿ, ಯೋಜನಾ ಆಯೋಗದ ಸದಸ್ಯರಾಗಿ ದುಡಿದು 1959ರಲ್ಲಿ ನಿಧನರಾದರು.

ಅವರು ಎತ್ತಿದ ಪ್ರಶ್ನೆ ಮಾತ್ರ ಗಾಜಿನ ಅಧ್ಯಯನದಲ್ಲಿ ಮರುಹುಟ್ಟು ಪಡೆಯಿತು. ಸಾಮಾನ್ಯ ಗಾಜು ವಿದ್ಯುತ್ ನಿರೋಧಕ. ಅದರ ರಚನೆಗೆ ಸೋಡಿಯಂ ಅಥವಾ ಲೀಥಿಯಂ ಆಕ್ಸೈಡ್ ಬೆರೆತಾಗ, ಬಿಸಿಯೇರಿದಂತೆ ಆ ಅಯಾನುಗಳು ಒಂದು ನೆಲೆಯಿಂದ ಮತ್ತೊಂದಕ್ಕೆ ಜಿಗಿಯತೊಡಗುತ್ತವೆ. ಸಿಲ್ವರ್ ಅಯೊಡೈಡ್ ಸೇರಿಸಿದ ಕೆಲವು ಗಾಜುಗಳು ಕೊಠಡಿಯ ಉಷ್ಣತೆಯಲ್ಲೇ ವಿದ್ಯುತ್ತನ್ನು ಚೆನ್ನಾಗಿ ಒಯ್ಯುತ್ತವೆ. ಗಾಜಿನಲ್ಲಿರುವ ಎಲ್ಲ ಅಯಾನುಗಳೂ ಚಲಿಸುತ್ತವೆಯೇ, ಶಕ್ತಿ ಪಡೆದ ಕೆಲವು ಮಾತ್ರವೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಘೋಷ್ ನಿರ್ದೇಶಕರಾಗಿದ್ದ ಸಂಸ್ಥೆಯಲ್ಲೇ 1976ರಲ್ಲಿ ಸ್ಥಾಪನೆಯಾದ ಘನಸ್ಥಿತಿ ರಸಾಯನ ವಿಜ್ಞಾನ ಘಟಕದಲ್ಲಿ ಪ್ರೊ. ಕೆ.ಜೆ. ರಾವ್ ಮತ್ತಿತರರು ಇಂತಹ ಗಾಜುಗಳ ಸಂಶೋಧನೆಯನ್ನು ಬೆಳೆಸಿದರು.

ಉತ್ತರ ತಪ್ಪಿದರೂ ಸರಿಯಾದ ಪ್ರಶ್ನೆ ಬಾಳುತ್ತದೆ ಎಂಬುದಕ್ಕೆ ಘೋಷರ ಬದುಕು ಸಾಕ್ಷಿ.