ಕೊಳೆರೋಗದ ಗುಟ್ಟು ಬಿಡಿಸಿದ ಡಾ. ಕೋಲ್ಮನ್



ಮುಂಗಾರು ಹಿಡಿಯಿತೆಂದರೆ ಅಡಿಕೆ ಬೆಳೆಗಾರರಾದ ನಿಮಗೆ ಒಂದು ಕಣ್ಣು ಆಕಾಶದ ಮೇಲೆ, ಇನ್ನೊಂದು ಕಣ್ಣು ಮರದ ಬುಡದ ಮೇಲೆ. ಬುಡದಲ್ಲಿ ಎಳೆಗಾಯಿ ಉದುರಿ ಬಿದ್ದಿದ್ದರೆ ಎದೆ ಧಸಕ್ಕೆನ್ನುತ್ತದೆ. ಈ ಕೊಳೆರೋಗಕ್ಕೆ ಇಂದು ನಿಮ್ಮ ಕೈಯಲ್ಲಿ ಮೈಲುತುತ್ತ, ಸುಣ್ಣದ ಮದ್ದಿದೆ. ಅದನ್ನು ನಮ್ಮ ತೋಟಗಳಿಗೆ ತಂದುಕೊಟ್ಟವರು ದೂರದ ಕೆನಡಾ ದೇಶದವರೊಬ್ಬರು. ಅವರ ಬಾಳಿನ ಕಥೆ ನಿಮಗೆ ತಿಳಿದಿರಬೇಕು.

ಲೆಸ್ಲಿ ಕೋಲ್ಮನ್ ಹುಟ್ಟಿದ್ದು 1878ರಲ್ಲಿ, ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ. ಟೊರಾಂಟೊದಲ್ಲಿ ಓದಿ, ಜರ್ಮನಿಯ ಗಟಿಂಗೆನ್‌ನಲ್ಲಿ ಡಾಕ್ಟರೇಟ್ ಪಡೆದರು. 1908ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ಅವರನ್ನು ಸಸ್ಯರೋಗ ಹಾಗೂ ಕೀಟಗಳ ತಜ್ಞರನ್ನಾಗಿ ನೇಮಿಸಿಕೊಂಡಿತು. ಆಗ ಅವರಿಗೆ 30 ವರ್ಷ.

ಆ ಕಾಲದಲ್ಲಿ ಮಲೆನಾಡಿನವರಿಗೆ ಗೊತ್ತಿದ್ದ ಉಪಾಯವೆಂದರೆ ಕೊನೆಗೆ ಕೊಟ್ಟೆ ಕಟ್ಟುವುದು. ಮಳೆಗೆ ಮೊದಲೇ ಮರ ಹತ್ತಿ ಪ್ರತಿ ಕೊನೆಗೂ ಮರೆ ಕಟ್ಟಬೇಕು. ಅದಕ್ಕೆ ಆಳು ಬೇಕು, ದಿನಗಟ್ಟಲೆ ಸಮಯ ಬೇಕು. ಕೊನೆ ನೆನೆಯದಿದ್ದರೆ ಕೊಳೆಯುವುದಿಲ್ಲವೆಂಬುದನ್ನು ನಮ್ಮ ಹಿರಿಯರು ಅನುಭವದಿಂದ ಕಂಡುಕೊಂಡಿದ್ದರು. ಏಕೆ ಎಂಬುದು ಮಾತ್ರ ತಿಳಿದಿರಲಿಲ್ಲ.

ಕೋಲ್ಮನ್ ಹಿಡಿದದ್ದು ಆ ಏಕೆ ಎಂಬುದನ್ನೇ. ಕಾಯಿಯನ್ನು ಕೊಳೆಸುವುದು ಮಳೆಯ ತಂಪಲ್ಲ, ಫೈಟಾಫ್ತೊರಾ ಎಂಬ ಕಣ್ಣಿಗೆ ಕಾಣದ ಜೀವಿ ಎಂದು ತೋರಿಸಿದರು. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಯನ್ನು ಹಾಳುಮಾಡಿ ಕ್ಷಾಮ ತಂದದ್ದೂ ಇದೇ ಕುಲದ ಇನ್ನೊಂದು ಜೀವಿ. ಇದರ ಬೀಜಕಣಗಳು ನೀರಿನ ಹನಿಯಲ್ಲಿ ಈಜಬಲ್ಲವು. ಗಾಳಿಮಳೆಯ ಎರಚಲಿನೊಂದಿಗೆ ಕೊನೆಯಿಂದ ಕೊನೆಗೆ, ತೋಟದಿಂದ ತೋಟಕ್ಕೆ ಹಾಯುತ್ತವೆ. ಕಾಯಿಯ ತೊಟ್ಟಿನ ಬಳಿ ನೀರು ಕುಡಿದಂಥ ಕಡುಹಸಿರು ಮಚ್ಚೆ ಮೂಡುತ್ತದೆ. ಕಾಯಿ ಹೊಳಪು ಕಳೆದುಕೊಂಡು ಉದುರುತ್ತದೆ. ಬಿದ್ದ ಕಾಯಿಯ ಮೇಲೆ ಹತ್ತಿಯಂಥ ಬಿಳಿ ಬೂಷ್ಟು ಬೆಳೆಯುತ್ತದೆ. ರೋಗ ಸುಳಿಗೆ ಇಳಿದರೆ ಮರವೇ ಸಾಯುತ್ತದೆ. 1910ರಲ್ಲಿ ಅವರು ಹೊರತಂದ ವರದಿಗೆ ನಮ್ಮ ಕೊಳೆರೋಗವೆಂಬ ಹೆಸರನ್ನೇ ಉಳಿಸಿಕೊಂಡರು.

ಮದ್ದು ಅವರು ಕಂಡುಹಿಡಿದದ್ದಲ್ಲ. ಫ್ರಾನ್ಸಿನ ಬೋರ್ಡೊ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕೀಳದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ರೋಗ ತಗುಲದಿದ್ದುದನ್ನು ಮಿಲಾರ್ಡೆ ಎಂಬ ಪಂಡಿತರು 1882ರಲ್ಲಿ ಗಮನಿಸಿ, 1885ರಲ್ಲಿ ಜಗತ್ತಿಗೆ ತಿಳಿಸಿದರು. ಬಳ್ಳಿಯ ಆ ಮದ್ದನ್ನು ಎತ್ತರದ ಅಡಿಕೆ ಕೊನೆಗೆ, ನಮ್ಮ ಜಡಿಮಳೆಗೆ ಹೊಂದಿಸಿಕೊಟ್ಟದ್ದು ಕೋಲ್ಮನ್ ಅವರ ಸಾಧನೆ.

1913ರಲ್ಲಿ ಅವರು ಮೈಸೂರಿನ ಕೃಷಿ ನಿರ್ದೇಶಕರಾದರು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆ ಆರಂಭವಾಯಿತು. ಇಂದಿನ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಬೇರು ಅಲ್ಲಿದೆ. ರಾಗಿ ತಳಿ ಸುಧಾರಣೆಗೂ ಆಗಲೇ ಕೈಹಾಕಿದರು. 1925ರಲ್ಲಿ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ, 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಹುಟ್ಟಿದ್ದರಲ್ಲೂ ಅವರ ದುಡಿಮೆಯಿದೆ. 1934ರಲ್ಲಿ ನಿವೃತ್ತರಾಗಿ ಕೆನಡಾಕ್ಕೆ ಮರಳಿದ ಮೇಲೂ ಸುಮ್ಮನೆ ಕೂರದೆ ಸಸ್ಯಗಳ ವೈರಸ್ ಕುರಿತು ಸಂಶೋಧನೆ ನಡೆಸಿದರು. 1954ರಲ್ಲಿ ತೀರಿಕೊಂಡರು.

ಅವರ ಕೆಲಸದಿಂದ ನೀವು ಕಲಿಯಬೇಕಾದ ಪಾಠ ಒಂದೇ. ಬೋರ್ಡೊ ದ್ರಾವಣ ಕಾಯಿಗೆ ತೊಡಿಸುವ ಅಂಗಿ ಇದ್ದಂತೆ. ಕಾಯಿಯ ಮೇಲೆ ಬಿದ್ದ ಬೀಜಕಣವನ್ನು ತಾಮ್ರ ಕೊಲ್ಲುತ್ತದೆ. ಒಳಹೊಕ್ಕ ರೋಗವನ್ನು ಅದು ಹೊರಹಾಕಲಾರದು. ಕಾಯಿ ಉದುರಲು ಶುರುವಾದ ಮೇಲೆ ಔಷಧಿಗೆ ಓಡಿದರೆ ಆಗಲೇ ಕೊಳೆತ ಕಾಯಿ ಕೈಗೆ ಬಾರದು. ಮೃಗಶಿರಾ ಮಳೆಗೆ ಮೊದಲೇ ಒಂದು ಸಿಂಪಡಣೆ ಆಗಬೇಕು. 40ರಿಂದ 45 ದಿನ ಬಿಟ್ಟು, ಮಳೆ ಹೊಳವಾದ ದಿನ ನೋಡಿ ಎರಡನೆಯದು. ಮಳೆಗಾಲ ಉದ್ದವಾದರೆ ಮೂರನೆಯದೂ ಬೇಕು.

ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, 1 ಕಿಲೋ ಒಳ್ಳೆಯ ಸುಣ್ಣವನ್ನು ಇನ್ನು 50 ಲೀಟರ್ ನೀರಿನಲ್ಲಿ ಬೇರೆ ಬೇರೆಯಾಗಿ ಕರಗಿಸಿ. ಕಬ್ಬಿಣದ ಪಾತ್ರೆ ಬೇಡ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕದಡುತ್ತಾ ಸುರಿಯಿರಿ. ಹೊಳೆಯುವ ಕತ್ತಿಯನ್ನು ಅದರಲ್ಲಿ ಒಂದು ನಿಮಿಷ ಅದ್ದಿ ನೋಡಿ. ಕೆಂಪು ಲೇಪ ಹತ್ತಿದರೆ ಇನ್ನಷ್ಟು ಸುಣ್ಣದ ತಿಳಿ ಸೇರಿಸಿ, ಇಲ್ಲವಾದರೆ ಕಾಯಿ ಸುಡುತ್ತದೆ. ಮಾಡಿದ ದಿನವೇ ಬಳಸಿ ಮುಗಿಸಿ.

ತಾಮ್ರವೂ ವಿಷವೇ, ಮರೆಯಬೇಡಿ. ಹೆಚ್ಚು ಗಾಢ ಮಾಡಿದರೆ ಹೆಚ್ಚು ಗುಣವಿಲ್ಲ. ನೆಲಕ್ಕೆ ಬಿದ್ದದ್ದು ಮಣ್ಣಿನಲ್ಲೇ ಕೂತು ಎರೆಹುಳುವಿಗೆ ಕೇಡು ಮಾಡುತ್ತದೆ. ಹಳ್ಳದಲ್ಲಿ ಪಂಪು ತೊಳೆಯಬೇಡಿ.

ಉದುರಿದ ಕಾಯಿಗಳನ್ನು ಆರಿಸಿ ತೋಟದಿಂದ ಹೊರಗೆ ಸಾಗಿಸಿ ನಾಶಮಾಡಿ. ಪಕ್ಕದ ತೋಟದಲ್ಲಿ ಸಿಂಪಡಣೆ ಆಗದಿದ್ದರೆ ಎರಚಲು ನಿಮ್ಮ ತೋಟಕ್ಕೂ ಬರುತ್ತದೆ. ವಾಚನಾಲಯದಲ್ಲಿ ಇದನ್ನು ಓದಿದ ನೀವು ನೆರೆಯವರಿಗೂ ತಿಳಿಸಿ, ಊರಿನವರೆಲ್ಲ ಒಂದೇ ವಾರದಲ್ಲಿ ಸಿಂಪಡಣೆ ಮುಗಿಸುವಂತೆ ನೋಡಿಕೊಳ್ಳಿ.